ಅರ್ಧಕ್ಕಿಳಿದದ್ದು ಯಾರ ಲೆಕ್ಕ? ವೀರ್ಯಾಣು ಸುದ್ದಿ ಮತ್ತು ಮಲೆನಾಡಿನ ಮನೆಗಳು

‘ಗಂಡಸರ ವೀರ್ಯಾಣು ಸಂಖ್ಯೆ ಅರ್ಧಕ್ಕೆ ಕುಸಿದಿದೆ’ ಎಂಬ ಸುದ್ದಿ ಆಗಾಗ ಮೊಬೈಲ್‌ಗೆ ಬಂದು ಬೀಳುತ್ತಲೇ ಇರುತ್ತದೆ. ಅದರ ಬಾಲಕ್ಕೆ ಒಂದೊಂದು ಸಲ ಒಂದೊಂದು ಕಾರಣ ಅಂಟಿಕೊಂಡಿರುತ್ತದೆ: ಪ್ಲಾಸ್ಟಿಕ್, ಲಸಿಕೆ, ಬೇಕರಿ ತಿಂಡಿ, ಕೊನೆಗೆ ಆ ಮೊಬೈಲೇ. ಮಲೆನಾಡಿನಲ್ಲಿ ಕುಳಿತು ಇದನ್ನು ಓದುವವರಿಗೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕು ಎನಿಸುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಕ್ಕಳಿಲ್ಲದೆ ಹಳ್ಳಿ ಶಾಲೆಗಳು ಬಾಗಿಲು ಹಾಕುತ್ತಿವೆ. ಸಂತಾನ ಚಿಕಿತ್ಸೆಯ ಫಲಕಗಳು ಪೇಟೆಯಲ್ಲಿ ಎದ್ದು ಕಾಣುತ್ತವೆ. ತೋಟಕ್ಕೋ ಶುಂಠಿ ಗದ್ದೆಗೋ ಔಷಧಿ ಹೊಡೆಯದ ಮನೆ ಸಿಗುವುದು ಕಷ್ಟ. ಈ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿ ‘ಗಂಡಸರ ಶಕ್ತಿಯೇ ಕುಂದಿದೆ’ ಎಂದುಬಿಡುವುದು ಸುಲಭ.

ಆ ದಾರ ಗಟ್ಟಿಯಿಲ್ಲ. ಸುದ್ದಿಯ ಹಿಂದಿರುವ ಸಂಶೋಧನೆ ಗಂಭೀರವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಹೇಳುವುದು ಒಂದು, ನಾವು ಕೇಳಿಸಿಕೊಳ್ಳುತ್ತಿರುವುದು ಇನ್ನೊಂದು. ಈ ವ್ಯತ್ಯಾಸದ ಬೆಲೆಯನ್ನು ಬಹುಪಾಲು ತೆರುವವಳು ಮದುವೆಯಾಗಿ ಎರಡು ವರ್ಷವಾದರೂ ‘ಏನಾದರೂ ವಿಶೇಷವೇ?’ ಎಂಬ ಪ್ರಶ್ನೆಗೆ ತಲೆ ತಗ್ಗಿಸಬೇಕಾದ ಹೆಣ್ಣುಮಗಳು.

ಸುದ್ದಿ ಹುಟ್ಟಿದ ಕಡೆ

ಈ ಚರ್ಚೆಗೆ ಮೂರು ದಶಕ ದಾಟಿದೆ. 1992ರಲ್ಲಿ ಡೆನ್ಮಾರ್ಕ್‌ನ ಎಲಿಸಬೆತ್ ಕಾರ್ಲ್‌ಸನ್, ನೀಲ್ಸ್ ಸ್ಕಾಕೆಬೆಕ್ ಮತ್ತು ಸಂಗಡಿಗರು ಅಲ್ಲಿಯವರೆಗೆ ಪ್ರಕಟವಾಗಿದ್ದ 61 ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ಲೆಕ್ಕ ತೆಗೆದರು. ಸುಮಾರು 15 ಸಾವಿರ ಗಂಡಸರ ಮಾಹಿತಿ ಅದರಲ್ಲಿತ್ತು. 1940ರಲ್ಲಿ ಒಂದು ಮಿಲಿಲೀಟರ್ ವೀರ್ಯದಲ್ಲಿ ಸರಾಸರಿ 11.3 ಕೋಟಿಯಿದ್ದ ವೀರ್ಯಾಣುಗಳು 1990ರ ಹೊತ್ತಿಗೆ 6.6 ಕೋಟಿಗೆ ಇಳಿದಿವೆ ಎಂದು ಅವರು ಬರೆದಾಗ ಜಗತ್ತು ಬೆಚ್ಚಿತು.

ನಂಬದವರೂ ಇದ್ದರು. ಅವರಲ್ಲಿ ಒಬ್ಬರು ಅಮೆರಿಕದ ಸಾಂಕ್ರಾಮಿಕಶಾಸ್ತ್ರಜ್ಞೆ ಶಾನಾ ಸ್ವಾನ್. ಹಳೆಯ ಅಧ್ಯಯನಗಳ ಗಂಡಸರ ವಯಸ್ಸು, ಮಾದರಿ ಕೊಡುವ ಮುಂಚಿನ ಸಂಯಮದ (ಅಂದರೆ ವೀರ್ಯ ಹೊರಹೋಗದ) ದಿನಗಳು, ಎಣಿಕೆಯ ವಿಧಾನ, ಇವೆಲ್ಲ ಬೇರೆಬೇರೆ ಇರುವಾಗ ಇಳಿಕೆ ಬರಿಯ ಭ್ರಮೆಯಾಗಿರಬಹುದೆಂದು ಅವರಿಗೆ ಸಂಶಯವಿತ್ತು. ಅದೇ 61 ಅಧ್ಯಯನಗಳನ್ನು ಒಂದೊಂದಾಗಿ ಬಿಡಿಸಿ, ಈ ವ್ಯತ್ಯಾಸಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು ನೋಡಿದರು. ಅಮೆರಿಕ ಮತ್ತು ಯುರೋಪಿನ ಮಟ್ಟಿಗೆ ಇಳಿಕೆ ಹಾಗೆಯೇ ಉಳಿಯಿತು. 1997ರಲ್ಲಿ ಅದನ್ನು ಪ್ರಕಟಿಸಿದರು. ಸುಳ್ಳೆಂದು ತೋರಿಸಬಹುದೆಂದು ಹೊರಟವರು ಲೆಕ್ಕದ ಮುಂದೆ ಮನಸ್ಸು ಬದಲಿಸಿದ್ದು ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮಿಗಿಲಾದ ಭಾಗ.

ಅದೇ ಸ್ವಾನ್ ಅವರು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಹಗಾಯ್ ಲೆವಿನ್ ಜೊತೆ ಸೇರಿ 2017ರಲ್ಲಿ ಪ್ರಕಟಿಸಿದ ಲೇಖನವೇ ಈಗಿನ ಸುದ್ದಿಗಳ ತಾಯಿಬೇರು. 1973ರಿಂದ 2011ರವರೆಗಿನ 185 ಅಧ್ಯಯನಗಳು, 42,935 ಗಂಡಸರು. ಪಶ್ಚಿಮ ದೇಶಗಳ ಸಾಮಾನ್ಯ ಗಂಡಸರಲ್ಲಿ, ಅಂದರೆ ಮಕ್ಕಳಾಗಿವೆಯೋ ಇಲ್ಲವೋ ಎಂದು ನೋಡಿ ಆರಿಸದವರಲ್ಲಿ, ವೀರ್ಯಾಣುಗಳ ಸಾಂದ್ರತೆ ಶೇ 52ರಷ್ಟು ಇಳಿದಿದೆ ಎಂದು ಅವರು ಅಂದಾಜು ಮಾಡಿದರು. 2022ರ ನವೆಂಬರ್‌ನಲ್ಲಿ ಇನ್ನಷ್ಟು ಅಧ್ಯಯನಗಳನ್ನು ಸೇರಿಸಿ, ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳನ್ನೂ ಒಳಗೊಂಡು ಮತ್ತೊಂದು ಲೇಖನ ಬಂತು. 1973ರಲ್ಲಿ ಮಿಲಿಲೀಟರಿಗೆ 10.12 ಕೋಟಿಯಿದ್ದದ್ದು 2018ಕ್ಕೆ 4.9 ಕೋಟಿಯಾಗಿದೆ, 2000ದ ನಂತರ ಇಳಿಕೆಯ ವೇಗ ಇನ್ನೂ ಹೆಚ್ಚಿದೆ ಎಂಬುದು ಅದರ ಸಾರ.

ಇಲ್ಲಿ ಒಂದು ಅಂಶ ಗಮನಿಸಬೇಕು. ಲೆವಿನ್ ತಂಡ ಯಾರ ವೀರ್ಯವನ್ನೂ ತಾನೇ ಪರೀಕ್ಷಿಸಲಿಲ್ಲ. ಬೇರೆಬೇರೆ ಊರು, ಬೇರೆಬೇರೆ ದಶಕಗಳಲ್ಲಿ ಬೇರೆಯವರು ಎಣಿಸಿದ್ದನ್ನು ಒಂದೇ ಗೆರೆಯ ಮೇಲೆ ಕೂರಿಸಿತು. ಒಬ್ಬನೇ ಗಂಡಸಿನ ಎಣಿಕೆ ನಲವತ್ತು ವರ್ಷದಲ್ಲಿ ಅರ್ಧವಾಯಿತೆಂದು ಯಾರೂ ಹೇಳಿಲ್ಲ.

ತಕರಾರು ಎಲ್ಲಿದೆ

1996ರಲ್ಲಿ ಅಮೆರಿಕದ ಹ್ಯಾರಿ ಫಿಶ್ ಮತ್ತು ಸಂಗಡಿಗರು, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುನ್ನ ವೀರ್ಯವನ್ನು ಬ್ಯಾಂಕಿನಲ್ಲಿ ಇರಿಸಿದ್ದ 1,283 ಗಂಡಸರ 25 ವರ್ಷಗಳ ದಾಖಲೆ ತೆರೆದರು. ಇಳಿಕೆ ಕಾಣಲಿಲ್ಲ. ಕಂಡದ್ದು ಬೇರೆಯೇ: ನ್ಯೂಯಾರ್ಕಿನವರ ಸರಾಸರಿ ಸುಮಾರು 13 ಕೋಟಿ, ಕ್ಯಾಲಿಫೋರ್ನಿಯದವರದು ಸುಮಾರು 7.3 ಕೋಟಿ. ಒಂದೇ ದೇಶ, ಒಂದೇ ಕಾಲ, ಅಂತರ ಮಾತ್ರ ಇಷ್ಟು. ಹಳೆಯ ಅಧ್ಯಯನಗಳಲ್ಲಿ ನ್ಯೂಯಾರ್ಕಿನವರೇ ಹೆಚ್ಚಿದ್ದು, ಹೊಸ ಅಧ್ಯಯನಗಳು ಬೇರೆ ಊರುಗಳಿಂದ ಬಂದಿದ್ದರೆ, ಗಂಡಸರಲ್ಲಿ ಏನೂ ಬದಲಾಗದಿದ್ದರೂ ಗೆರೆ ಕೆಳಗಿಳಿಯುತ್ತದೆ. ತೀರ್ಥಹಳ್ಳಿಯ ಹಳೆಯ ಮಳೆ ಲೆಕ್ಕವನ್ನು ಚಿತ್ರದುರ್ಗದ ಹೊಸ ಲೆಕ್ಕಕ್ಕೆ ಜೋಡಿಸಿ ‘ಮಳೆ ಬತ್ತಿತು’ ಎಂದಂತೆ.

ಡೆನ್ಮಾರ್ಕ್ ಇದಕ್ಕೆ ನೇರ ಉತ್ತರ ಹುಡುಕಿತು. ಅಲ್ಲಿ ಯುವಕರಿಗೆಲ್ಲ ಸೇನೆಯ ವೈದ್ಯಕೀಯ ತಪಾಸಣೆ ಕಡ್ಡಾಯ. ಆ ಸಾಲಿನಲ್ಲಿ ನಿಂತವರಲ್ಲಿ ಒಪ್ಪಿದವರಿಂದ 1996ರಿಂದ ವರ್ಷವರ್ಷವೂ ಮಾದರಿ ಪಡೆದರು. ಅದೇ ವಯಸ್ಸು, ಅದೇ ವಿಧಾನ. 15 ವರ್ಷಗಳ ನಂತರ 4,867 ಯುವಕರ ಲೆಕ್ಕ ಹೊರಬಂದಾಗ ಇಳಿಕೆ ಇರಲಿಲ್ಲ, ಅಲ್ಪ ಏರಿಕೆಯೇ ಇತ್ತು. ಆದರೆ ಫ್ರಾನ್ಸಿನಲ್ಲಿ 26 ಸಾವಿರಕ್ಕೂ ಹೆಚ್ಚು ಗಂಡಸರ ಲೆಕ್ಕ ಉಲ್ಟಾ ಹೇಳಿತು: 1989ರಿಂದ 2005ರ ನಡುವೆ ಸುಮಾರು ಮೂರನೇ ಒಂದು ಭಾಗ ಇಳಿಕೆ. ಇವೆರಡೂ ಒಳ್ಳೆಯ ಅಧ್ಯಯನಗಳೇ. ಎಲ್ಲ ಕಡೆಯೂ ಒಂದೇ ವೇಗದ ಕುಸಿತ ಎಂಬ ಚಿತ್ರ ಇವುಗಳ ಮುಂದೆ ನಿಲ್ಲುವುದಿಲ್ಲ.

2021ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರ ತಂಡವೊಂದು ಬೇರೆ ಬಗೆಯ ಪ್ರಶ್ನೆ ಎತ್ತಿತು. 1970ರ ದಶಕದ ಪಶ್ಚಿಮದ ಗಂಡಸರ ಸಂಖ್ಯೆಯೇ ಆರೋಗ್ಯದ ಅಳತೆಗೋಲು ಎಂದು ಒಪ್ಪಿದವರು ಯಾರು? ಈ ಸಂಖ್ಯೆ ಕಾಲಕ್ಕೂ ಸ್ಥಳಕ್ಕೂ ತಕ್ಕಂತೆ ಬಹಳ ಅಗಲದಲ್ಲಿ ಏರಿಳಿಯುವುದು ಸಹಜವೇ ಆಗಿದ್ದರೆ? ಲೆವಿನ್ ತಂಡ ತನ್ನ ನಿಲುವು ಬಿಡಲಿಲ್ಲ. 2022ರ ಲೇಖನ ಒಂದರ್ಥದಲ್ಲಿ ಅದರ ಉತ್ತರವೇ.

ನನ್ನ ತೀರ್ಮಾನ ಹೀಗಿದೆ: ಇಳಿಕೆ ಹಲವು ಕಡೆ ನಿಜವಿರಬೇಕು, ‘ಅರ್ಧ’ ಎಂಬ ಅಂಕಿಯನ್ನು ಮಾತ್ರ ಸಡಿಲವಾಗಿ ಹಿಡಿಯಬೇಕು. ಭಾರತದ ಮಟ್ಟಿಗೆ ಅದನ್ನು ಹೊತ್ತು ತಿರುಗುವುದಂತೂ ಅವಸರ. ನಮ್ಮಲ್ಲಿ ಪ್ರಕಟವಾದ ಮಾಹಿತಿ ಹೆಚ್ಚಾಗಿ ಮಕ್ಕಳಾಗದೆ ಆಸ್ಪತ್ರೆಗೆ ಬಂದವರದ್ದು. ಜ್ವರದ ವಾರ್ಡಿನಲ್ಲಿ ನಿಂತು ಊರಿನ ಆರೋಗ್ಯ ಅಳೆದರೆ ಹೇಗಿರುತ್ತದೋ ಇದೂ ಹಾಗೆ.

1.6 ಕೋಟಿ ಎಂಬ ಗೆರೆ

ಸಂಖ್ಯೆ ಅರ್ಧವಾದರೆ ಮಕ್ಕಳಾಗುವ ಸಾಧ್ಯತೆಯೂ ಅರ್ಧವಾಯಿತೆಂಬುದು ಸಹಜ ಊಹೆ, ತಪ್ಪು ಊಹೆ. 1998ರಲ್ಲಿ ಡೆನ್ಮಾರ್ಕ್‌ನ 430 ದಂಪತಿಗಳನ್ನು ಹಿಂಬಾಲಿಸಿದ ಅಧ್ಯಯನವೊಂದು, ಮಿಲಿಲೀಟರಿಗೆ 4 ಕೋಟಿಯವರೆಗೆ ಸಂಖ್ಯೆ ಏರಿದಂತೆ ಗರ್ಭ ನಿಲ್ಲುವ ಸಾಧ್ಯತೆಯೂ ಏರುತ್ತದೆ, ಅಲ್ಲಿಂದಾಚೆ ಎಷ್ಟು ಹೆಚ್ಚಿದರೂ ಪ್ರಯೋಜನ ಹೆಚ್ಚುವುದಿಲ್ಲ ಎಂದು ತೋರಿಸಿತು. 10 ಕೋಟಿಯಿಂದ 5 ಕೋಟಿಗೆ ಇಳಿದವನಿಗೆ ಇದರಿಂದ ವ್ಯತ್ಯಾಸವಾಗದೆ ಇರಬಹುದು. 4 ಕೋಟಿಯಿಂದ 2 ಕೋಟಿಗೆ ಇಳಿದವನಿಗೆ ಆಗುತ್ತದೆ. ಹಾಗಾಗಿ ಸರಾಸರಿಯ ಇಳಿಕೆ ಅಪಾಯಕಾರಿಯಾಗುವುದು ಕೆಳಗಿನ ಅಂಚಿನಲ್ಲಿರುವವರಿಗೆ, ಎಲ್ಲರಿಗೂ ಅಲ್ಲ.

ಲ್ಯಾಬಿನ ವರದಿಯಲ್ಲಿ ಅಚ್ಚಾಗುವ ‘ಸಾಮಾನ್ಯ ಮಟ್ಟ’ದ ಕಥೆಯೂ ತಿಳಿದಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಕೈಪಿಡಿಗಳಲ್ಲಿ ಆ ಗೆರೆ 2 ಕೋಟಿಯಿತ್ತು. 2010ರಲ್ಲಿ 1.5 ಕೋಟಿಯಾಯಿತು, 2021ರಲ್ಲಿ 1.6 ಕೋಟಿ. 1.8 ಕೋಟಿಯ ವರದಿ ಹಿಡಿದ ಗಂಡಸು 2009ರಲ್ಲಿ ‘ಕೊರತೆ’ಯವನು, 2011ರಲ್ಲಿ ‘ಸರಿಯಾಗಿರುವವನು’. ಅವನ ದೇಹ ಬದಲಾಗಿಲ್ಲ. ಮಗುವಿಗಾಗಿ ಪ್ರಯತ್ನ ಶುರುಮಾಡಿ ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ನೂರು ಗಂಡಸರನ್ನು ಸಂಖ್ಯೆಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಕೊನೆಯ ಐವರು ಎಲ್ಲಿ ಬೇರೆಯಾಗುತ್ತಾರೋ ಅಲ್ಲಿ ಈಗಿನ ಗೆರೆಯನ್ನು ಎಳೆಯಲಾಗಿದೆ. ಆ ಐವರೂ ತಂದೆಯರೇ ಎಂಬುದನ್ನು ಮರೆಯಬಾರದು. ಗೆರೆಯ ಕೆಳಗಿದ್ದವನು ಬಂಜೆಯಲ್ಲ, ಮೇಲಿದ್ದವನಿಗೆ ಮಗು ಖಾತ್ರಿಯೂ ಅಲ್ಲ.

ಖಾಲಿ ಶಾಲೆಗೆ ಬೇರೆ ಕಾರಣ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 2015–16ರಲ್ಲಿ 1.8, 2019–21ರಲ್ಲಿ 1.7. ಇದನ್ನು ವೀರ್ಯಾಣು ಕುಸಿತಕ್ಕೆ ತಳುಕು ಹಾಕುವವರು ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನೋಡಲಿ: ರಾಜ್ಯದಲ್ಲಿ 15ರಿಂದ 49ರ ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡಸರ ಶಸ್ತ್ರಚಿಕಿತ್ಸೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಮಕ್ಕಳು ಕಡಿಮೆಯಾದದ್ದು ಬೇಡವೆಂದು ನಿಲ್ಲಿಸಿದ್ದರಿಂದ, ಆ ನಿಲ್ಲಿಸುವ ಕೆಲಸವೂ ಹೆಣ್ಣಿನ ಮೈಮೇಲೆಯೇ ನಡೆದಿದೆ.

ಮಲೆನಾಡಿನಲ್ಲಿ ಇದರ ಜೊತೆಗೆ ವಲಸೆಯಿದೆ. ಓದಿದ ಮಕ್ಕಳು ಬೆಂಗಳೂರು ಸೇರಿದರು, ಅವರ ಮಕ್ಕಳು ಅಲ್ಲಿನ ಶಾಲೆಗೆ ಹೋಗುತ್ತಾರೆ. ತೋಟ ನೋಡಿಕೊಂಡು ಊರಲ್ಲೇ ಉಳಿದ ಹುಡುಗನಿಗೆ ಹೆಣ್ಣು ಸಿಗುವುದು ತಡವಾಗುತ್ತದೆ, ಎಷ್ಟೋ ಸಲ ಸಿಗುವುದೇ ಇಲ್ಲ. ಮೂವತ್ತೈದು ದಾಟಿ ಮದುವೆಯಾದ ದಂಪತಿಗೆ ಮಗುವಾಗಲು ಹೆಚ್ಚು ಕಾಲ ಹಿಡಿದರೆ ಅದಕ್ಕೆ ವಯಸ್ಸು, ಮುಖ್ಯವಾಗಿ ಹೆಣ್ಣಿನ ಅಂಡಾಣುವಿನ ವಯಸ್ಸು, ನೇರ ಕಾರಣ. ಅದನ್ನು ಪ್ಲಾಸ್ಟಿಕ್ ಡಬ್ಬಿಯ ತಲೆಗೆ ಕಟ್ಟಬೇಕಿಲ್ಲ.

ಹಾಗಾದರೆ ಔಷಧಿ ಹೊಡೆಯುವವರು?

ಇಲ್ಲಿ ಮಾತ್ರ ಭಯಕ್ಕೆ ಆಧಾರವಿದೆ. 1977ರಲ್ಲಿ ಕ್ಯಾಲಿಫೋರ್ನಿಯದ ಲೇಥ್ರಾಪ್ ಎಂಬಲ್ಲಿನ ಕೀಟನಾಶಕ ಕಾರ್ಖಾನೆಯ ಕಾರ್ಮಿಕರು, ತಮ್ಮ ವಿಭಾಗದಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಪರೀಕ್ಷೆಗೆ ಪಟ್ಟು ಹಿಡಿದರು. ಹಲವರ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣುವೂ ಇರಲಿಲ್ಲ. ಅವರು ತಯಾರಿಸುತ್ತಿದ್ದದ್ದು ಬೇರಿಗೆ ಬೀಳುವ ಜಂತುಹುಳುವನ್ನು ಕೊಲ್ಲುವ ಡಿಬಿಸಿಪಿ ಎಂಬ ರಾಸಾಯನಿಕ. ಕೆಲಸ ಬಿಟ್ಟ ಮೇಲೆ ಕೆಲವರು ಚೇತರಿಸಿಕೊಂಡರು, ಹೆಚ್ಚು ವರ್ಷ ದುಡಿದ ಕೆಲವರು ಚೇತರಿಸಿಕೊಳ್ಳಲೇ ಇಲ್ಲ. ಅಮೆರಿಕ 1979ರಲ್ಲಿ ಬಹುತೇಕ ಬಳಕೆಯನ್ನು ನಿಷೇಧಿಸಿತು. ಅದಾದ ಮೇಲೂ ಮಧ್ಯ ಅಮೆರಿಕದ ಬಾಳೆ ತೋಟಗಳಲ್ಲಿ ಅದನ್ನು ಬಳಸಲಾಯಿತು, ಅಲ್ಲಿನ ಕೂಲಿಗಳೂ ಅದೇ ನಷ್ಟ ಅನುಭವಿಸಿದರು.

ಈ ಘಟನೆ ಕಲಿಸುವ ಪಾಠವನ್ನು ಸರಿಯಾಗಿ ಓದಿಕೊಳ್ಳಬೇಕು. ‘ಔಷಧಿ’ ಎಂಬ ಒಂದೇ ಹೆಸರಿನಲ್ಲಿ ನಾವು ಕರೆಯುವುದೆಲ್ಲ ಒಂದೇ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಶುಂಠಿ, ತರಕಾರಿಗೆ ಹೊಡೆಯುವ ಹಲವು ಕೀಟನಾಶಕಗಳ ಸ್ವಭಾವ ಬೇರೆ. ಜೊತೆಗೆ ಅಪಾಯ ಹಂಚಿಕೆಯಾಗುವುದೂ ಸಮನಾಗಿ ಅಲ್ಲ. ಪೇಟೆಯಲ್ಲಿ ಕುಳಿತು ಸೊಪ್ಪಿನ ಮೇಲಿನ ಶೇಷಕ್ಕೆ ಹೆದರುವವನಿಗಿಂತ, ಬೆನ್ನಿಗೆ ಪಂಪ್ ಕಟ್ಟಿಕೊಂಡು ಬರಿಗೈಯಲ್ಲಿ ಔಷಧಿ ಕಲಸಿ, ಒದ್ದೆಯಾದ ಅಂಗಿಯಲ್ಲೇ ಸಂಜೆಯವರೆಗೆ ನಿಲ್ಲುವ ಕೂಲಿಯ ಮೈಗೆ ಅದು ಎಷ್ಟೋ ಪಟ್ಟು ಹೆಚ್ಚು ಹೋಗುತ್ತದೆ. ಚರ್ಚೆಯಲ್ಲಿ ಅವನ ಹೆಸರೇ ಬರುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಡೆನ್ಮಾರ್ಕ್ ಸೇನೆಯ ಸಾಲಿನಲ್ಲಿ ನಿಂತವರನ್ನು ಎಣಿಸಿದಂತೆ, ಶಿವಮೊಗ್ಗದ ವೈದ್ಯಕೀಯ ಕಾಲೇಜು ಮತ್ತು ಕೃಷಿ ವಿಶ್ವವಿದ್ಯಾಲಯ ಸೇರಿ ಔಷಧಿ ಹೊಡೆಯುವ ಕೂಲಿಗಳನ್ನು ಹತ್ತು ವರ್ಷ ಹಿಂಬಾಲಿಸಿದರೆ, ಅದು ನೂರು ತಲೆಬರಹಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉಳಿದ ಕಾರಣಗಳಲ್ಲಿ ತಂಬಾಕು ನಿಸ್ಸಂಶಯವಾಗಿ ಪಟ್ಟಿಯಲ್ಲಿದೆ. ವೃಷಣದ ರಕ್ತನಾಳ ಊದಿಕೊಳ್ಳುವ ವೆರಿಕೋಸೀಲ್ ಸಾಮಾನ್ಯ. ಪ್ರಾಯ ಬಂದ ಮೇಲೆ ಬರುವ ಕೆಪ್ಪಟೆ ಕೆಲವರಲ್ಲಿ ವೃಷಣಕ್ಕೂ ಇಳಿಯುತ್ತದೆ. ಜಿಮ್‌ಗೆ ಹೋಗುವ ಹುಡುಗರು ತಿಳಿಯಲೇಬೇಕಾದ ಒಂದು ವಿಷಯವಿದೆ. ಮೈಕಟ್ಟಿಗೆಂದು ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಗಂಡಸುತನ ಹೆಚ್ಚಿಸುತ್ತದೆ ಎಂದು ಅವರು ನಂಬಿರುತ್ತಾರೆ. ಹೊರಗಿನಿಂದ ಹಾರ್ಮೋನ್ ಬಂದೊಡನೆ ಮಿದುಳು ‘ಸಾಕಷ್ಟಿದೆ’ ಎಂದು ತಿಳಿದು ವೃಷಣಕ್ಕೆ ಕಳಿಸುವ ಸಂಕೇತ ನಿಲ್ಲಿಸುತ್ತದೆ, ವೀರ್ಯಾಣು ತಯಾರಿಯೂ ನಿಲ್ಲುತ್ತದೆ. ಬಿಟ್ಟ ಮೇಲೆ ಮರಳಿ ಬರಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ದಾಟುತ್ತದೆ.

ಕೊರತೆ ಗಂಡನದು, ಸೂಜಿ ಹೆಂಡತಿಗೆ

1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ವೀರ್ಯಾಣುವನ್ನು ಗಾಜಿನ ಸೂಜಿಯಿಂದ ನೇರವಾಗಿ ಅಂಡಾಣುವಿನೊಳಗೆ ಇಳಿಸಿ ಗರ್ಭ ನಿಲ್ಲಿಸಿದ್ದನ್ನು ಪ್ರಕಟಿಸಿದರು. ಇಕ್ಸಿ ಎಂದು ಕರೆಯುವ ಈ ವಿಧಾನಕ್ಕೆ ಕೋಟಿಗಳು ಬೇಕಿಲ್ಲ, ಅಂಡಾಣುವಿಗೊಂದು ಸಿಕ್ಕರೆ ಸಾಕು. ಸಾವಿರಾರು ಗಂಡಸರಿಗೆ ತಂದೆತನ ಕೊಟ್ಟ ದೊಡ್ಡ ಸಾಧನೆ ಅದು. ಆದರೆ ಅದು ಗಂಡನ ದೇಹವನ್ನು ಗುಣಪಡಿಸುವುದಿಲ್ಲ. ಕೊರತೆ ಗಂಡನದೇ ಆದರೂ ಹತ್ತು ಹನ್ನೆರಡು ದಿನ ಹೊಟ್ಟೆಗೆ ಚುಚ್ಚುಮದ್ದು ತೆಗೆದುಕೊಳ್ಳುವವಳು ಹೆಂಡತಿ, ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುವುದು ಅವಳಿಂದ, ಗರ್ಭ ನಿಲ್ಲದಿದ್ದರೆ ಮತ್ತೆ ಮೊದಲಿನಿಂದ ಶುರುಮಾಡುವವಳೂ ಅವಳೇ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಕಡೆಯ ಕಾರಣವೂ ಒಂದು ಪಾಲು ಇರುತ್ತದೆ. ಆದರೆ ನಮ್ಮ ಮನೆಗಳಲ್ಲಿ ನಡೆಯುವ ಕ್ರಮ ನೋಡಿ. ಮೊದಲು ಹರಕೆ, ಆಶ್ಲೇಷ ಬಲಿ. ಆಮೇಲೆ ಸೊಸೆಗೆ ಸ್ಕ್ಯಾನ್, ರಕ್ತ ಪರೀಕ್ಷೆ, ನೋವು ಕೊಡುವ ಗರ್ಭನಾಳದ ಎಕ್ಸ್‌ರೇ. ಎರಡು ಮೂರು ವರ್ಷ ಕಳೆದ ಮೇಲೆ ‘ಅವನದ್ದೂ ಒಂದು ನೋಡಿಬಿಡೋಣ’ ಎಂಬ ಮಾತು. ದೇವರ ಮೇಲಿನ ನಂಬಿಕೆಗೂ ಇದಕ್ಕೂ ಜಗಳವಿಲ್ಲ. ಸುಬ್ರಹ್ಮಣ್ಯಕ್ಕೆ ಹೋಗಿ ಬಂದ ವಾರವೇ ಗಂಡನ ವೀರ್ಯ ಪರೀಕ್ಷೆಯನ್ನೂ ಮಾಡಿಸಬಹುದು. ಎಲ್ಲ ಪರೀಕ್ಷೆಗಳಲ್ಲಿ ನೋವಿಲ್ಲದ್ದು, ಅಗ್ಗದ್ದು ಅದೇ. ಅದೇ ಕೊನೆಗೆ ಬರುವುದಕ್ಕೆ ಮರ್ಯಾದೆಯ ಭಯ ಬಿಟ್ಟರೆ ಬೇರೆ ಕಾರಣವಿಲ್ಲ.

ಈ ಭಯದ ಮೇಲೆ ಒಂದು ಮಾರುಕಟ್ಟೆಯೂ ನಿಂತಿದೆ. ವೀರ್ಯಾಣು ಹೆಚ್ಚಿಸುತ್ತವೆ ಎನ್ನುವ ಪುಡಿ, ಮಾತ್ರೆಗಳ ಜಾಹೀರಾತಿನಲ್ಲಿ ‘ಅರ್ಧಕ್ಕಿಳಿದಿದೆ’ ಎಂಬ ಸಾಲು ತಪ್ಪದೆ ಇರುತ್ತದೆ. ಅಮೆರಿಕದಲ್ಲಿ 2,370 ಗಂಡಸರಿಗೆ ಸತು ಮತ್ತು ಫೋಲಿಕ್ ಆಮ್ಲ ಅಥವಾ ಹುಸಿ ಮಾತ್ರೆ ಕೊಟ್ಟು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಮಗು ಹುಟ್ಟಿದ ಪ್ರಮಾಣ ಒಂದು ಗುಂಪಿನಲ್ಲಿ ಶೇ 34, ಇನ್ನೊಂದರಲ್ಲಿ ಶೇ 35. ಮಾತ್ರೆ ನುಂಗಿದವರಿಗೆ ಲಾಭವಾದದ್ದು ಕಾಣಲಿಲ್ಲ, ಹೊಟ್ಟೆಯ ತೊಂದರೆ ಮಾತ್ರ ಹೆಚ್ಚಿತ್ತು.

ಪರೀಕ್ಷೆಗೆ ಹೋಗುವವರಿಗೆ

ವೀರ್ಯ ಪರೀಕ್ಷೆ ಸರಳ, ಆದರೆ ಸೂಕ್ಷ್ಮ. ಎರಡರಿಂದ ಏಳು ದಿನ ಸಂಯಮವಿರಬೇಕು. ಲ್ಯಾಬಿನಲ್ಲಿ ನುರಿತವರು ಹನಿಯೊಂದನ್ನು ಗೆರೆ ಕೊರೆದ ದಪ್ಪ ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಡಿ ಚೌಕಚೌಕವಾಗಿ ಎಣಿಸುತ್ತಾರೆ. ಗಾಜಿನ ಮೇಲಿನ ಆ ಪದರದ ಆಳ ಮಿಲಿಮೀಟರಿನ ಹತ್ತನೇ ಒಂದು ಭಾಗ. ಕನಿಷ್ಠ ಇನ್ನೂರು ವೀರ್ಯಾಣು ಎಣಿಸಬೇಕು, ಅದನ್ನೇ ಎರಡನೆಯ ಬಾರಿಯೂ ಮಾಡಿ ತಾಳೆ ನೋಡಬೇಕು. ಅವಸರದಲ್ಲಿ ನಾಲ್ಕು ಚೌಕ ನೋಡಿ ಬರೆದ ವರದಿಗೂ ಇದಕ್ಕೂ ಅಜಗಜಾಂತರ.

ಮಾದರಿ ಒಂದು ಗಂಟೆಯೊಳಗೆ, ಮೈಬಿಸಿ ಆರದಂತೆ ಲ್ಯಾಬಿಗೆ ತಲುಪಬೇಕು. ಆಗುಂಬೆಯಿಂದಲೋ ನಿಟ್ಟೂರಿನಿಂದಲೋ ಡಬ್ಬಿಯನ್ನು ಚೀಲದಲ್ಲಿಟ್ಟು ಮಳೆಯಲ್ಲಿ ಬಸ್ ಹತ್ತಿದವನು ಶಿವಮೊಗ್ಗ ತಲುಪುವ ಹೊತ್ತಿಗೆ ವೀರ್ಯಾಣುಗಳ ಚಲನೆ ಕುಂದಿರುತ್ತದೆ. ‘ಚಲನಶಕ್ತಿ ಕಡಿಮೆ’ ಎಂದು ವರದಿ ಬರುತ್ತದೆ, ಆದರೆ ತಪ್ಪು ಪ್ರಯಾಣದ್ದು. ಮಾದರಿಯನ್ನು ಲ್ಯಾಬಿನಲ್ಲೇ ಕೊಡುವುದು ಸರಿ. ಅದಕ್ಕೆ ಬಾಗಿಲು ಭದ್ರವಾಗಿ ಹಾಕಿಕೊಳ್ಳಬಹುದಾದ ಒಂದು ಕೋಣೆ ಇರಬೇಕು. ತಾಲ್ಲೂಕು ಮಟ್ಟದಲ್ಲಿ ಇಷ್ಟು ವ್ಯವಸ್ಥೆಯಾದರೂ ಎಷ್ಟೋ ಗಂಡಸರು ಸಂಕೋಚ ಬಿಟ್ಟು ಬರುತ್ತಾರೆ.

ಒಂದೇ ವರದಿಯಿಂದ ತೀರ್ಪು ಕೊಡಲಾಗದು. ವೀರ್ಯಾಣು ತಯಾರಾಗಿ ಹೊರಬರಲು ಹೆಚ್ಚುಕಡಿಮೆ ಮೂರು ತಿಂಗಳು ಬೇಕು, ಆದ್ದರಿಂದ ಇಂದಿನ ವರದಿ ಹೇಳುವುದು ಕಳೆದ ಮೂರು ತಿಂಗಳ ಕಥೆ. ಸುಡುವ ಜ್ವರ ಯಾವುದೇ ಇರಲಿ, ಸಂಖ್ಯೆಯನ್ನು ತಾತ್ಕಾಲಿಕವಾಗಿ ಕೆಳಗಿಳಿಸುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ಈ ಭಾಗವನ್ನು ಬಿಟ್ಟಿಲ್ಲ, ಮಳೆ ಶುರುವಾದರೆ ಡೆಂಗಿ. ಫೆಬ್ರುವರಿಯಲ್ಲಿ ವಾರಗಟ್ಟಲೆ ಜ್ವರದಲ್ಲಿ ಬೆಂದವನು ಮಾರ್ಚ್ ಕೊನೆಗೆ ಪರೀಕ್ಷೆ ಮಾಡಿಸಿ, 90 ಲಕ್ಷವೆಂಬ ಸಂಖ್ಯೆ ನೋಡಿ ಕುಸಿದು ಕೂರಬಾರದು. ವೈದ್ಯರಿಗೆ ಜ್ವರದ ತಾರೀಕು ಹೇಳಿ, ಜೂನ್ ಕೊನೆಗೆ ಇನ್ನೊಮ್ಮೆ ಎಣಿಸಲು ಕೊಡಬೇಕು. ಆ ಎರಡನೆಯ ವರದಿ ಕೈಗೆ ಬರುವವರೆಗೆ ಯಾರ ಹೊಟ್ಟೆಗೂ ಸೂಜಿ ಚುಚ್ಚಬೇಕಾಗಿಲ್ಲ.